ಹಿಂಗಾಲು ಬಾರದ ಡ್ಯಾಶಂಡ್‌ಗೆ ದೀಪಾವಳಿ ಗಿಫ್ಟ್: ಚೆಂಡು ಬೇಡ, ಮೂಗಿಗೆ ಕೆಲಸ ಕೊಡಿ

ಬೆನ್ನಿನ ಡಿಸ್ಕ್ ಜಾರಿ ನಿಮ್ಮ ಡ್ಯಾಶಂಡ್ ನಾಯಿಯ ಹಿಂಗಾಲು ಸ್ವಾಧೀನ ಕಳೆದುಕೊಂಡಿದೆ, ದೀಪಾವಳಿಗೆ ಚೆಂಡು ಕೊಡಲಾ, ಹಿಂಭಾಗಕ್ಕೆ ಕಟ್ಟುವ ನಾಯಿಗಳ ಗಾಲಿಕುರ್ಚಿ ಕೊಡಲಾ ಅಂತ ಕೇಳಿದ್ದೀರಿ. ಚೆಂಡು ಬೇಡ. ಅದರ ಹಿಂದೆ ತೆವಳಿಕೊಂಡು ಓಡಿದರೆ ನೆಲಕ್ಕೆ ಉಜ್ಜಿ ಚರ್ಮ ಕಿತ್ತುಬರುತ್ತದೆ, ಬೆನ್ನೂ ತಿರುಚುತ್ತದೆ.

ಗಾಲಿಕುರ್ಚಿ ಒಳ್ಳೆಯದೇ, ಆದರೆ ಸರ್‌ಪ್ರೈಸ್ ಗಿಫ್ಟ್ ತರಹ ಸುಮ್ನೆ ತರಿಸಬೇಡಿ. ಮೊದಲು ವೈದ್ಯರ ಒಪ್ಪಿಗೆ, ಆಮೇಲೆ ಅಳತೆ. ಈ ತಳಿಯ ಬೆನ್ನು ಉದ್ದ, ಕಾಲು ಗಿಡ್ಡ. ‘ಸ್ಮಾಲ್’ ಅಂತ ಬರೆದದ್ದೆಲ್ಲ ಹೊಂದುವುದಿಲ್ಲ. ಹಾಕಿದಾಗ ಬೆನ್ನು ನೆಲಕ್ಕೆ ಸಮನಾಗಿರಬೇಕು, ಮುಂಗಾಲು ಪೂರ್ತಿ ಊರಬೇಕು. ಶುರುವಿನಲ್ಲಿ 5-10 ನಿಮಿಷ ಸಾಕು. ಬಿಚ್ಚಿದ ಮೇಲೆ ತೊಡೆಸಂದಿ ಕೆಂಪಾಗಿದೆಯಾ ನೋಡಿ. ಅಲ್ಲಿ ನೋವಾದರೂ ಅದಕ್ಕೆ ಗೊತ್ತಾಗದೇ ಇರಬಹುದು.

ನನ್ನನ್ನು ಕೇಳಿದರೆ ಸ್ನಫಲ್ ಮ್ಯಾಟ್ ಕೊಡಿ. ಬಟ್ಟೆಯ ಪಟ್ಟಿಗಳ ನಡುವೆ ತಿಂಡಿ ಬಚ್ಚಿಟ್ಟರೆ ಮಲಗಿದಲ್ಲೇ ಮೂಗು ತೂರಿಸಿ ಹುಡುಕುತ್ತದೆ. ಬಿಲದೊಳಗಿನ ಬ್ಯಾಡ್ಜರ್ ಎಂಬ ಪ್ರಾಣಿಯ ಬೇಟೆಗೆ ಅಂತ ಜರ್ಮನಿಯಲ್ಲಿ ಬೆಳೆಸಿದ ತಳಿ ಇದು, ಮೂಗಿಗೆ ಕೆಲಸ ಸಿಕ್ಕರೆ ಖುಷಿಯೋ ಖುಷಿ. ಜಾಸ್ತಿ ದುಡ್ಡು ಯಾಕೆ, ಹಳೇ ಟೀ ಶರ್ಟ್ ಕತ್ತರಿಸಿ ನೀವೇ ಕಟ್ಟಬಹುದು. ಬಟ್ಟೆ ನುಂಗದ ಹಾಗೆ ಪಕ್ಕದಲ್ಲೇ ಕೂತಿರಿ, ಅಷ್ಟೆ.

ಬಜೆಟ್ ಉಳಿದರೆ ಜಾರುವ ಟೈಲ್ಸ್ ಮೇಲೆ ಹಾಸಲು ಯೋಗ ಮ್ಯಾಟ್.

ಹಬ್ಬದ ಸಿಹಿಯಲ್ಲಿ ಮಾತ್ರ ಪಾಲು ಬೇಡ. ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು, ಚಾಕೊಲೇಟೂ ವಿಷವೇ. ಬೇಯಿಸಿದ ಸಿಹಿಗುಂಬಳ, ಉಪ್ಪಿಲ್ಲದ ಚಿಕನ್ ಚೂರು ಸಾಕು. ಪಟಾಕಿ ಶುರುವಾಗುವ ಮೊದಲೇ ಮೂತ್ರ ಮಾಡಿಸಿ ಒಳಗಿನ ರೂಮಿನಲ್ಲಿ ಜೊತೆಗಿರಿ. ಹೆದರಿದರೂ ಅದಕ್ಕೆ ಓಡಿಹೋಗಿ ಮಂಚದಡಿ ಸೇರಲು ಆಗುವುದಿಲ್ಲ ಅಲ್ವಾ?