ಓದುಗರ ಪ್ರಶ್ನೆ: ಜೆಟ್ ಬೋಟಿನ ಎಂಜಿನ್ ತೊಳೆಯುವಾಗ ಒಳಗೆ ನೀರು ನುಗ್ಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾವು ಉಡುಪಿ ಜಿಲ್ಲೆಯ ಕಡಲ ತೀರದಲ್ಲಿ ಪ್ರವಾಸಿಗರಿಗಾಗಿ ಜೆಟ್ ಸ್ಕೀಗಳನ್ನೂ ಎರಡು ಎಂಜಿನ್‌ಗಳಿರುವ ಒಂದು ಜೆಟ್ ಬೋಟನ್ನೂ ನಡೆಸುತ್ತೇವೆ. ಸಂಜೆ ಕೆಲಸ ಮುಗಿದ ಮೇಲೆ ಎಂಜಿನ್‌ಗಳ ಒಳಭಾಗವನ್ನು ಸಿಹಿನೀರಿನಿಂದ ತೊಳೆಯುವುದು ನಮ್ಮ ರೂಢಿ. ಈಚೆಗೆ ಸೇರಿದ ಹುಡುಗ ಮೊದಲು ನಾಡದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಅವನು ಜೆಟ್ ಬೋಟಿಗೆ ಪೈಪು ಜೋಡಿಸಿ, ನಲ್ಲಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಸ್ಟಾರ್ಟ್ ಮಾಡಲು ಹೋದಾಗ ‘ಟಕ್’ ಎಂಬ ಸದ್ದು ಬಂದು ಎಂಜಿನ್ ಕಚ್ಚಿಕೊಂಡಿತು. ಸಿಲಿಂಡರಿನೊಳಗೆ ನೀರು ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಎಂಜಿನ್ ಉಳಿಯಲೆಂದು ಹಾಯಿಸಿದ ನೀರೇ ಅದನ್ನು ಕೆಡಿಸುವುದು ಹೇಗೆ? ಮುಂದೆ ಹೀಗಾಗದಂತೆ ಏನು ಮಾಡಬೇಕು?
— ಜಲಕ್ರೀಡಾ ಕೇಂದ್ರವೊಂದರ ಮೇಲ್ವಿಚಾರಕರು, ಮಲ್ಪೆ

ಉತ್ತರ: ನಿಮ್ಮ ಹುಡುಗನನ್ನು ದಯವಿಟ್ಟು ಬೈಯಬೇಡಿ. ಔಟ್‌ಬೋರ್ಡ್ ಎಂಜಿನ್ನಿನ ಮಟ್ಟಿಗೆ ಅವನು ಮಾಡಿದ ಕ್ರಮವೇ ಸರಿಯಾದದ್ದು. ಅದರ ನೀರೆತ್ತುವ ಪಂಪಿನಲ್ಲಿ ರಬ್ಬರಿನ ಚಕ್ರವಿರುತ್ತದೆ; ನೀರಿಲ್ಲದೆ ತಿರುಗಿದರೆ ಅದು ಬೇಗನೆ ಸುಟ್ಟುಹೋಗುವುದರಿಂದ, ನೀರು ಸೇದುವ ಬಾಯಿಗೆ ಪೈಪು ಕಟ್ಟಿ, ಮೊದಲು ನೀರು ಬಿಟ್ಟು ಆಮೇಲೆ ಎಂಜಿನ್ ಚಾಲೂ ಮಾಡಬೇಕು. ಅಲ್ಲಿ ಹೊಗೆಯ ದಾರಿ ಕೆಳಮುಖವಾಗಿ ಇಳಿಯುವುದರಿಂದ ಹೆಚ್ಚಾದ ನೀರು ತಾನಾಗಿಯೇ ಕೆಳಗೆ ಸುರಿದುಹೋಗುತ್ತದೆ. ಜೆಟ್ ಬೋಟಿನಲ್ಲೂ ಜೆಟ್ ಸ್ಕೀಯಲ್ಲೂ ಕ್ರಮ ಇದಕ್ಕೆ ತೀರಾ ತದ್ವಿರುದ್ಧ: ಆರಂಭಿಸುವಾಗ ಎಂಜಿನ್ ಮೊದಲು, ನೀರು ಆಮೇಲೆ, ನಿಲ್ಲಿಸುವಾಗ ನೀರು ಮೊದಲು, ಎಂಜಿನ್ ಆಮೇಲೆ. ನಮ್ಮ ಕರಾವಳಿಯಲ್ಲಿ ಜೆಟ್ ಸ್ಕೀ ಕೆಲಸಕ್ಕೆ ಬರುವ ಹುಡುಗರಲ್ಲಿ ಅನೇಕರು ನಾಡದೋಣಿಯಲ್ಲಿ ಪಳಗಿದವರೇ ಆದ್ದರಿಂದ, ಈ ವ್ಯತ್ಯಾಸವನ್ನು ಕೆಲಸಕ್ಕೆ ಸೇರಿದ ದಿನವೇ ಕಾರಣಸಹಿತ ತಿಳಿಸಿಕೊಡುವುದು ಮಾಲೀಕರ ಹೊಣೆ ಎಂದು ನಾನು ಭಾವಿಸುತ್ತೇನೆ. ಕಾರಣ ತಿಳಿಯದೆ ಬಾಯಿಪಾಠ ಮಾಡಿದ ಕ್ರಮ ಅವಸರದ ಹೊತ್ತಿನಲ್ಲಿ ತಲೆಕೆಳಗಾಗುವುದು ಸಹಜ.

ಕಾರಣ ಹೀಗಿದೆ. ಬೋಟು ನೀರಿನಲ್ಲಿ ಓಡುವಾಗ, ಅದನ್ನು ಮುಂದಕ್ಕೆ ತಳ್ಳುವ ಜೆಟ್ ಪಂಪೇ ತನ್ನ ಒತ್ತಡದಿಂದ ಸ್ವಲ್ಪ ನೀರನ್ನು ಎಂಜಿನ್ನಿಗೂ ಕಳಿಸುತ್ತದೆ. ಆ ನೀರು ಬಿಸಿಯಾದ ಭಾಗಗಳನ್ನು ಸುತ್ತಿ ತಂಪು ಮಾಡಿ, ಕೊನೆಗೆ ಹೊಗೆಯ ಕೊಳವೆಯೊಳಗೆ ಬಿದ್ದು, ಹೊಗೆಯ ಜೊತೆಗೇ ಸೈಲೆನ್ಸರಿನ ಪೆಟ್ಟಿಗೆಯನ್ನು ದಾಟಿ ಹಿಂಬದಿಯಿಂದ ಹೊರಬೀಳುತ್ತದೆ. ಸೈಲೆನ್ಸರಿನಿಂದ ನೀರನ್ನು ಹೊರಗೆ ನೂಕುವ ಶಕ್ತಿ ಎಂಜಿನ್ ಉಗುಳುವ ಹೊಗೆಯದ್ದೇ ಹೊರತು ಬೇರೆ ಯಾವುದೂ ಅಲ್ಲ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಹೊಸ ನೀರು ಬರುವುದೂ ನಿಲ್ಲುತ್ತದೆ. ಹಾಗಾಗಿ ಕಡಲಿನಲ್ಲಿ ಈ ಲೆಕ್ಕ ತಪ್ಪುವುದಿಲ್ಲ. ದಡದಲ್ಲಿ ನಲ್ಲಿಯ ಪೈಪು ಜೋಡಿಸಿದಾಗ ಮಾತ್ರ, ಎಂಜಿನ್ ತಿರುಗಲಿ ಬಿಡಲಿ, ನೀರು ಬರುತ್ತಲೇ ಇರುತ್ತದೆ. ಹೊರಗೆ ನೂಕುವ ಹೊಗೆಯಿಲ್ಲದೆ ಅದು ಸೈಲೆನ್ಸರಿನಲ್ಲಿ ತುಂಬಿ, ಹೊಗೆ ಕೊಳವೆಯಲ್ಲಿ ಹಿಮ್ಮುಖವಾಗಿ ಏರಿ, ಆ ಹೊತ್ತಿಗೆ ಯಾವ ಸಿಲಿಂಡರಿನ ಹೊಗೆ ವಾಲ್ವ್ ತೆರೆದಿರುತ್ತದೋ ಅದರೊಳಕ್ಕೆ ಇಳಿಯುತ್ತದೆ.

ಹಾನಿ ಮಾಡಲು ಹೆಚ್ಚು ನೀರೇನೂ ಬೇಕಿಲ್ಲ. ನಾಲ್ಕು ಸಿಲಿಂಡರುಗಳ 1.8 ಲೀಟರಿನ ಎಂಜಿನ್ ಎಂದು ಇಟ್ಟುಕೊಂಡರೆ ಒಂದೊಂದು ಸಿಲಿಂಡರಿನ ಪಾಲಿಗೆ 450 ಮಿಲಿಲೀಟರ್ ಬರುತ್ತದೆ. ಸಂಕೋಚನದ ಪ್ರಮಾಣ 11ಕ್ಕೆ 1 ಎಂದಾದರೆ, ಪಿಸ್ಟನ್ ತುದಿಗೆ ಬಂದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 45 ಮಿಲಿಲೀಟರ್ ಮಾತ್ರ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗುವುದಿಲ್ಲ. ಆದ್ದರಿಂದ ಅದಕ್ಕಿಂತ ಸ್ವಲ್ಪವೇ ಹೆಚ್ಚು ನೀರು ಸೇರಿದ್ದರೂ ಪಿಸ್ಟನ್ ಅರ್ಧ ದಾರಿಯಲ್ಲಿ ಕಲ್ಲಿಗೆ ಬಡಿದಂತೆ ನಿಲ್ಲುತ್ತದೆ. ಸ್ಟಾರ್ಟರ್ ಮೋಟಾರಿನ ಬಲದಿಂದ ಮಾತ್ರ ತಿರುಗುತ್ತಿದ್ದರೆ ‘ಟಕ್’ ಎಂದು ನಿಂತು ಹೆಚ್ಚಿನ ಹಾನಿಯಿಲ್ಲದೆ ಪಾರಾಗುವ ಸಾಧ್ಯತೆ ಇದೆ. ಒಂದು ಸಿಲಿಂಡರಿನಲ್ಲಿ ನೀರಿದ್ದು ಉಳಿದವು ಉರಿಯತೊಡಗಿದರೆ ಪಿಸ್ಟನ್ನನ್ನು ಕೆಳಗಿನ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇನ್ನು ತೊಳೆಯುವ ಕ್ರಮ. ಬೋಟನ್ನು ಬಯಲಿನಲ್ಲಿ, ಗಾಳಿಯಾಡುವಲ್ಲಿ, ಟ್ರೈಲರಿನ ಮೇಲೆ ಸಮತಟ್ಟಾಗಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಕೂಡಿಕೊಳ್ಳುತ್ತದೆ. ಮೂತಿ ತಗ್ಗಾಗಿದ್ದರೆ ಸೈಲೆನ್ಸರಿನ ನೀರು ಎಂಜಿನ್ನಿನ ಕಡೆಗೇ ಜಾರುವುದರಿಂದ ಅದನ್ನು ಕೆಳಗೆ ಬಾಗಿಸಿ ಇಡಬಾರದು. ಎಂಜಿನ್ ತಿರುಗುವಷ್ಟು ಹೊತ್ತೂ ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ಚಕ್ರ) ತಿರುಗುತ್ತಲೇ ಇರುವುದರಿಂದ, ಲುಂಗಿ, ಟವೆಲು, ಹಗ್ಗದ ತುದಿ, ಕೈಬೆರಳು ಯಾವುದೂ ಬೋಟಿನ ತಳದ ಜಾಲರಿಯ ಹತ್ತಿರ ಸುಳಿಯದಿರಲಿ. ಪೈಪನ್ನು ಫ್ಲಶ್ ಬಾಯಿಗೆ, ಅಂದರೆ ತೊಳೆಯುವ ನೀರು ಬಿಡಲೆಂದೇ ಇರುವ ಬಾಯಿಗೆ, ಬಿಗಿಯಾಗಿ ಜೋಡಿಸಿ, ನಲ್ಲಿಯನ್ನು ಮುಚ್ಚಿಯೇ ಇಟ್ಟು, ಎಂಜಿನ್ ಚಾಲೂ ಮಾಡಿ. ಅದು ನಿಧಾನಗತಿಯಲ್ಲಿ ಸ್ಥಿರವಾಗಿ ಓಡತೊಡಗಿದ ಕೂಡಲೇ ನೀರು ಬಿಡಿ. ನೀರಿಲ್ಲದೆ 15 ಸೆಕೆಂಡಿಗಿಂತ ಹೆಚ್ಚು ಓಡಿಸಬಾರದೆಂದು ಯಮಹಾ ಕೈಪಿಡಿಗಳು ಹೇಳುತ್ತವೆ; ಏಕೆಂದರೆ ತಂಪಿಲ್ಲದ ಹೊಗೆ ರಬ್ಬರಿನ ಕೊಳವೆಗಳನ್ನು ಬೇಗನೆ ಸುಡುತ್ತದೆ. ಎರಡು ಮೂರು ನಿಮಿಷ ಓಡಿದರೆ ಸಾಕು. ಸೀ-ಡೂ ಬ್ರ್ಯಾಂಡಿನ ಜೆಟ್ ಸ್ಕೀ ಬಳಸುವವರು ಎರಡು ನಿಮಿಷವನ್ನು ಮೀರಲೇಬಾರದು, ಏಕೆಂದರೆ ಬೋಟು ನೀರಿನಿಂದ ಹೊರಗಿರುವಾಗ ಪಂಪಿನ ದಂಡದ ಸೀಲಿಗೆ ತಂಪು ಸಿಗುವುದಿಲ್ಲ.

ಮುಗಿಸುವಾಗಲೇ ಹೆಚ್ಚಿನವರು ಎಡವುತ್ತಾರೆ. ಮೊದಲು ನಲ್ಲಿ ಮುಚ್ಚಿ. ಅನಂತರ ಎಂಜಿನ್ ಓಡುತ್ತಿರುವಾಗಲೇ ಥ್ರಾಟಲನ್ನು ಹಗುರವಾಗಿ ಒತ್ತಿ ಬಿಟ್ಟು ಮಾಡುತ್ತಾ, ಹತ್ತು ಹದಿನೈದು ಸೆಕೆಂಡುಗಳೊಳಗೆ ಸೈಲೆನ್ಸರಿನಲ್ಲಿ ಉಳಿದ ನೀರನ್ನು ಹೊರಗೆ ಉಗುಳಿಸಿ, ಎಂಜಿನ್ ನಿಲ್ಲಿಸಿ. ಫ್ಲಶ್ ಬಾಯಿಯ ಮುಚ್ಚಳವನ್ನು ಮರಳಿ ಬಿಗಿಮಾಡಿ. ಅದು ಸಡಿಲವಾಗಿದ್ದರೆ ಮರುದಿನ ಕಡಲಿನಲ್ಲಿ ತಂಪಿಗೆಂದು ಬಂದ ನೀರು ಅಲ್ಲಿಂದಲೇ ಸೋರಿ ಎಂಜಿನ್ ಕಾಯುತ್ತದೆ. ನಿಮ್ಮ ಬೋಟಿನಲ್ಲಿ ಎರಡು ಎಂಜಿನ್‌ಗಳಿಗೆ ಎರಡು ಫ್ಲಶ್ ಬಾಯಿಗಳಿರುತ್ತವೆ. ಒಂದನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಪೈಪು ಹಾಕಿ. ಎಡಗಡೆಯ ಎಂಜಿನ್ನಿಗೆ ಪೈಪು ಹಾಕಿ ಬಲಗಡೆಯದನ್ನು ಚಾಲೂ ಮಾಡುವ ಗೊಂದಲ ತಪ್ಪಲು ಬಾಯಿಗಳಿಗೂ ಕೀಲಿಗಳಿಗೂ ಒಂದೇ ಬಣ್ಣದ ಗುರುತು ಹಚ್ಚಿ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಒತ್ತಾಯಿಸುವ ಒಂದು ಸಲಕರಣೆಯಿದೆ: ಪೈಪಿನ ಬೋಟಿನ ಕಡೆಯ ತುದಿಗೆ ಒಂದು ಬಾಲ್ ವಾಲ್ವ್ ಕೂಡಿಸಿ. ನಲ್ಲಿ ಶೆಡ್ಡಿನ ಗೋಡೆಯ ಬಳಿ, ಎಂಜಿನ್ನಿನ ಗುಂಡಿ ಬೋಟಿನ ಮೇಲೆ ಎಂದಾದಾಗ ಒಬ್ಬನೇ ಓಡಾಡುವ ಆ ಕೆಲವು ಗಳಿಗೆಗಳಲ್ಲೇ ಅನಾಹುತ ಆಗುತ್ತದೆ. ಓಡುತ್ತಿರುವ ಎಂಜಿನ್ ತಾನಾಗಿ ನಿಂತುಹೋದರೂ ಕೈಯಳತೆಯಲ್ಲಿರುವ ವಾಲ್ವನ್ನು ತಕ್ಷಣ ಮುಚ್ಚಬಹುದು. ಹಾಗೆ ನಿಂತ ಎಂಜಿನ್ನನ್ನು ನೀರು ಬಿಟ್ಟುಕೊಂಡೇ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡುವುದಂತೂ ಸಿಲಿಂಡರಿಗೆ ನೀರು ಕುಡಿಸುವ ಖಚಿತ ದಾರಿ.

ನೀರಿನ ಬಗ್ಗೆಯೂ ಒಂದು ಮಾತು. ಹತ್ತು ಮೀಟರ್ ಎತ್ತರದ ನೀರಿನಿಂದ ಸಿಗುವ ಒತ್ತಡ ಸುಮಾರು ಒಂದು ಬಾರ್; ಒಂದಂತಸ್ತಿನ ಶೆಡ್ಡಿನ ಮೇಲಿನ ಟ್ಯಾಂಕಿನಿಂದ ಅದರ ಅರ್ಧವೂ ಸಿಗದಿರಬಹುದು. ಎಂಜಿನ್ನಿನ ತಂಪು ನೀರು ಹೊರಗೆ ಬರುವ ಸಣ್ಣ ತೂತಿನಲ್ಲಿ ಧಾರೆ ಕಾಣದಿದ್ದರೆ ನೀರು ಸಾಲುತ್ತಿಲ್ಲವೆಂದೇ ತಿಳಿದು, ಕೂಡಲೇ ನಿಲ್ಲಿಸಿ. ಹಾಗೆಂದು ಕಾರು ತೊಳೆಯುವ ಪ್ರೆಶರ್ ಪಂಪನ್ನು ಫ್ಲಶ್ ಬಾಯಿಗೆ ಜೋಡಿಸಬಾರದು, ಅದರ ಧಾರೆಯನ್ನು ಎಂಜಿನ್ ಕೋಣೆಯೊಳಗೂ ಬಿಡಬಾರದು. ಗಾಳಿ ಸೇದುವ ಬಾಯಿಗೂ ವೈರಿನ ಜೋಡಣೆಗಳಿಗೂ ನೀರು ನುಗ್ಗುತ್ತದೆ. ಕಡಲಂಚಿನ ಬಾವಿ, ಬೋರ್‌ವೆಲ್‌ಗಳಲ್ಲಿ ಬೇಸಿಗೆಯ ಹೊತ್ತಿಗೆ ಉಪ್ಪು ಏರುವುದುಂಟು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದನ್ನು ತೊಳೆಯಲು ಮತ್ತೆ ಉಪ್ಪುನೀರನ್ನೇ ಬಳಸಿ ಫಲವಿಲ್ಲ. ನಿಮಿಷಕ್ಕೆ 15 ಲೀಟರಿನಂತೆ ಮೂರು ನಿಮಿಷಕ್ಕೆ ಒಂದು ಎಂಜಿನ್ನಿಗೆ 45 ಲೀಟರ್ ಸಾಕಾಗುವುದರಿಂದ, ನಗರಸಭೆಯ ನೀರನ್ನೋ ಟ್ಯಾಂಕರಿನ ನೀರನ್ನೋ ಬೇರೆ ಡ್ರಮ್ಮಿನಲ್ಲಿ ಹಿಡಿದಿಟ್ಟು ಸಣ್ಣ ಪಂಪಿನಿಂದ ಹಾಯಿಸಬಹುದು. ಪಂಪ್ ಬಳಸುವವರು ಕರೆಂಟು ಹೋದ ಕ್ಷಣವೇ ಎಂಜಿನ್ನನ್ನೂ ನಿಲ್ಲಿಸಬೇಕೆಂಬುದನ್ನು ಮರೆಯಬಾರದು.

ಕೊನೆಯದಾಗಿ, ಈಗ ಕಚ್ಚಿಕೊಂಡಿರುವ ಎಂಜಿನ್ನಿನ ವಿಚಾರ. ಮತ್ತೆ ಸ್ಟಾರ್ಟರ್ ಒತ್ತಲೇಬೇಡಿ. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಕಿಡಿ ಹಾರದಂತೆ ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲಿ ಇಗ್ನಿಷನ್ ತಪ್ಪಿಸಿ, ತೂತುಗಳ ಮೇಲೆ ಬಟ್ಟೆ ಹಾಸಿ, ಕೆಲವೇ ಸೆಕೆಂಡುಗಳ ಸರದಿಯಲ್ಲಿ ತಿರುಗಿಸಿದರೆ ನೀರು ಹೊರಗೆ ಚಿಮ್ಮುತ್ತದೆ. ಮುಖವನ್ನು ತೂತಿನ ನೇರಕ್ಕೆ ತರಬೇಡಿ. ಅನಂತರ ಪ್ರತಿ ಸಿಲಿಂಡರಿಗೂ ಎಣ್ಣೆ ಸಿಂಪಡಿಸಿ. ಆಯಿಲ್ ಕಡ್ಡಿ ಎತ್ತಿ ನೋಡಿದಾಗ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಹಾಗೂ ಫಿಲ್ಟರ್ ಎರಡನ್ನೂ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಬದಲಿಸಿ. ಬಣ್ಣ ತಿಳಿಯಾಗುವವರೆಗೂ ಇದನ್ನು ಮುಂದುವರಿಸಬೇಕಾಗುತ್ತದೆ. ಇದೆಲ್ಲ ಅದೇ ದಿನ ಆಗಬೇಕಾದ ಕೆಲಸ, ಏಕೆಂದರೆ ಒದ್ದೆಯಾದ ಸಿಲಿಂಡರಿನ ಗೋಡೆ, ಬೇರಿಂಗುಗಳು ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ಓಡಿಸುವಾಗ ಬಡಿತದ ಸದ್ದು ಕೇಳಿದರೆ, ಅಥವಾ ಒಂದು ಸಿಲಿಂಡರಿನ ಕಂಪ್ರೆಶನ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದರೆ ರಾಡ್ ಬಾಗಿರುವ ಸಂಶಯವಿದೆ. ಅಂಥ ಎಂಜಿನ್ನನ್ನು ಬಿಚ್ಚಿ ನೋಡದೆ ಪ್ರವಾಸಿಗರನ್ನು ಕೂರಿಸಿಕೊಂಡು ಕಡಲಿಗೆ ಇಳಿಸಬಾರದು.

ಪ್ರಶ್ನೆ: ಕೆಟ್ಟುನಿಂತ ಜೆಟ್ ಸ್ಕೀಯನ್ನು ಇನ್ನೊಂದು ಬೋಟಿಗೆ ಕಟ್ಟಿ ದಡಕ್ಕೆ ಎಳೆದು ತಂದ ಮೇಲೆ ಅದರ ಎಂಜಿನ್ನಿನಲ್ಲಿ ನೀರು ಸಿಕ್ಕಿತು. ಫ್ಲಶ್ ಮಾಡಿರಲೇ ಇಲ್ಲವಲ್ಲ?
— ಓದುಗರೊಬ್ಬರು, ಕಾರವಾರ

ಉತ್ತರ: ಕಾರಣ ಅದೇ. ವೇಗವಾಗಿ ಎಳೆದಾಗ ಪಂಪಿನೊಳಗೆ ನುಗ್ಗುವ ನೀರು ತಂಪಿನ ಕೊಳವೆಗಳ ಮೂಲಕ ಎಂಜಿನ್ ಕಡೆಗೆ ಹೋಗಿ ಸೈಲೆನ್ಸರಿನಲ್ಲಿ ತುಂಬುತ್ತದೆ, ಹೊರಗೆ ನೂಕಲು ಹೊಗೆಯಿಲ್ಲ. ತಂಪು ನೀರಿನ ಕೊಳವೆಯನ್ನು ಕ್ಲಾಂಪಿನಿಂದ ಹಿಸುಕಿ ಮುಚ್ಚಿ, ಗಂಟೆಗೆ 8 ಕಿಲೋಮೀಟರ್ ಮೀರದಂತೆ ಎಳೆಯಬೇಕೆಂದು ಯಮಹಾ ಸೂಚಿಸುತ್ತದೆ. ದಡ ತಲುಪಿ ಎಂಜಿನ್ ಚಾಲೂ ಮಾಡುವ ಮೊದಲು ಆ ಕ್ಲಾಂಪನ್ನು ತೆಗೆಯಲು ಮರೆಯಬೇಡಿ. ಮಗುಚಿದ ಜೆಟ್ ಸ್ಕೀಯನ್ನು ನೆಟ್ಟಗೆ ತಿರುಗಿಸುವಾಗಲೂ ಹಿಂಬದಿಯಲ್ಲಿ ಅಂಟಿಸಿರುವ ಬಾಣದ ದಿಕ್ಕಿಗೇ ತಿರುಗಿಸಬೇಕು. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸೈಲೆನ್ಸರಿನಲ್ಲಿರುವ ನೀರು ಎಂಜಿನ್ನಿಗೆ ಇಳಿಯುತ್ತದೆ.

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಇಲ್ಲಿನ ಸರೋವರಗಳು ಸಿಹಿನೀರಿನವು. ನಮ್ಮ ಜೆಟ್ ಬೋಟಿಗೂ ಫ್ಲಶ್ ಬೇಕೆ?
— ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ಉಪ್ಪಿನ ಚಿಂತೆ ನಿಮಗಿಲ್ಲ, ಮರಳು ಮತ್ತು ಪಾಚಿಯ ಚಿಂತೆ ಇದ್ದೇ ಇದೆ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಅಲ್ಲಿನ ಆಳವಿಲ್ಲದ ನದಿಗಳಿಗೆಂದೇ ಜೆಟ್ ಬೋಟನ್ನು ರೂಪಿಸಿದರು. ಇಂದಿಗೂ ಜನ ಈ ಬೋಟನ್ನು ತೆಳುನೀರಿಗೆ ಒಯ್ಯುತ್ತಾರೆ, ಪಂಪು ಅಲ್ಲಿನ ಮರಳನ್ನು ಸೇದುತ್ತದೆ. ಆದ್ದರಿಂದ ಆಗಾಗ ತೊಳೆಯುವುದು ಒಳ್ಳೆಯದು, ಕ್ರಮ ಮೇಲೆ ಹೇಳಿದ್ದೇ. ನಿಮ್ಮಲ್ಲಿ ಇದಕ್ಕಿಂತ ದೊಡ್ಡ ಅಪಾಯ ಚಳಿಗಾಲದ್ದು. ಒಳಗೆ ಉಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಲೋಹದ ಭಾಗಗಳನ್ನೇ ಸೀಳಬಲ್ಲದು. ಮೊದಲ ಹಿಮಕ್ಕೆ ಮುಂಚೆ ನೀರನ್ನು ಪೂರ್ತಿ ಬಸಿದು, ತಯಾರಕರು ಹೇಳಿದ್ದರೆ ಪ್ರೊಪಿಲೀನ್ ಗ್ಲೈಕಾಲಿನ ಆಂಟಿಫ್ರೀಜ್ ದ್ರವವನ್ನು ಫ್ಲಶ್ ಬಾಯಿಯಿಂದ ಹಾಯಿಸಿ. ಅದನ್ನು ಹಾಯಿಸುವಾಗಲೂ ಎಂಜಿನ್ ಓಡುತ್ತಿರಬೇಕು, ನಿಲ್ಲಿಸುವ ಮೊದಲು ದ್ರವದ ಹರಿವು ನಿಂತಿರಬೇಕು.