ಸಿಡಿಲಿಗೆ ಸ್ಟಾರ್ಟರ್ ಸುಡುತ್ತಿದ್ದರೆ ಮೊದಲು ಅರ್ಥ್ ತಂತಿ ನೋಡಿ

ಅಣ್ಣ, ಎರಡು ವರ್ಷದಲ್ಲಿ ಮೂರು ಬಾರಿ ಕೊಳವೆಬಾವಿಯ ಮೊಬೈಲ್ ಸ್ಟಾರ್ಟರ್ ಸುಟ್ಟಿತು, ಪಂಪ್‌ಮನೆಯ ಮೇಲೆ ತಾಮ್ರದ ಸಿಡಿಲುಕಂಬಿ ಹಾಕಿಸಿದರೂ ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ಅಶ್ವಿನಿ, ಭರಣಿ ಮಳೆ ಬಂತೆಂದರೆ ನಮ್ಮ ತೋಟದಲ್ಲೂ ಇದೇ ಪಾಡಾಗಿತ್ತು.

ಆ ಕಂಬಿ ಕಾಯುವುದು ಕಟ್ಟಡವನ್ನು. ಸ್ಟಾರ್ಟರನ್ನು ಸುಡುವ ಸರ್ಜ್, ಅಂದರೆ ಕ್ಷಣಮಾತ್ರ ನುಗ್ಗುವ ಭಾರಿ ವೋಲ್ಟೇಜ್, ಬರುವುದು ಲೈನಿನಲ್ಲಿ. ದೂರದ ತೆಂಗಿನ ಮರಕ್ಕೆ ಸಿಡಿಲು ಹೊಡೆದರೂ ಕಂಬದ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಅದೆಲ್ಲ ಮೈಕ್ರೋಸೆಕೆಂಡುಗಳ ಆಟ. ಲೈನ್ ತಾನಾಗಿ ಕಡಿಯುವ ಸ್ವಿಚ್ಚಾದ ಎಂಸಿಬಿ ಬೀಳುವುದಕ್ಕೆ ಮಿಲಿಸೆಕೆಂಡುಗಳು ಬೇಕು. ಅದರ ಮೇಲೆ, ನೀರಿನಲ್ಲಿ ಮುಳುಗಿರುವ ನಿಮ್ಮ ಮೋಟಾರು ತೋಟದ ಅತ್ಯುತ್ತಮ ಅರ್ಥ್. ಸರ್ಜ್ ಆ ನೀರನ್ನು ಹುಡುಕಿಕೊಂಡು ಪ್ಯಾನೆಲ್ ದಾಟಿ, ವೈಂಡಿಂಗಿನ ಇನ್ಸುಲೇಷನ್ ಸೀಳಿಕೊಂಡು ಇಳಿಯುತ್ತದೆ.

ಇದಕ್ಕೆ ಬೇಕಾದದ್ದು ಎಸ್‌ಪಿಡಿ, ಅಂದರೆ ಸರ್ಜನ್ನು ಅರ್ಥ್ ಕಡೆಗೆ ತಿರುಗಿಸಿ ತಡೆಯುವ ಸಾಧನ. ತ್ರೀ ಫೇಸ್‌ನದು, ಪ್ರತಿ ಫೇಸ್‌ಗೆ 320 ವೋಲ್ಟ್ ಅಥವಾ ಹೆಚ್ಚನ್ನು ಸದಾ ತಾಳುವಂಥದ್ದು ತನ್ನಿ. ಹಳ್ಳಿಯ ಲೈನಿನ ಏರಿಳಿತಕ್ಕೆ 275 ಸಾಲದು. ಕಂಬಿ ಇರುವುದರಿಂದ ನಿಮಗೆ ಟೈಪ್ 1+2, ಅಂದರೆ ಕಂಬಿಗೆ ಹೊಡೆದ ಸಿಡಿಲಿನ ಪಾಲನ್ನೂ ತಾಳುವಂಥದ್ದು ಬೇಕು. ಕಂಬಿ ಇಲ್ಲದ ಕಡೆ ಸಾಮಾನ್ಯವಾಗಿ ಲೈನಿನ ಸರ್ಜ್‌ಗೆ ಸಾಕಾಗುವ ಟೈಪ್ 2 ಹಾಕುತ್ತಾರೆ.

ಈಗ ನಾನು ಪಾಠ ಕಲಿತ ಜಾಗಕ್ಕೆ ಬರುತ್ತೇನೆ. ನಾನು ಮೊದಲು ಹಾಕಿಸಿದ ಎಸ್‌ಪಿಡಿಯ ಕಿಟಕಿ ಹಸಿರಾಗಿಯೇ ಇತ್ತು, ಅಂದರೆ ಅದು ಕೆಟ್ಟಿರಲಿಲ್ಲ, ಆದರೆ ಪಕ್ಕದ ಬೋರ್ಡ್ ಸುಟ್ಟು ಕರಕಲಾಗಿತ್ತು. ಕಾರಣ, ಕೆಲಸದವರು ಮೂರು ಮೀಟರ್ ಅರ್ಥ್ ತಂತಿಯನ್ನು ಚೆಂದವಾಗಿ ಸುರುಳಿ ಸುತ್ತಿಟ್ಟಿದ್ದರು. ಸರ್ಜ್ ಹರಿಯುವಾಗ ಒಂದು ಮೀಟರ್ ನೇರ ತಂತಿಯಲ್ಲೇ ಸುಮಾರು ಸಾವಿರ ವೋಲ್ಟ್ ನಿಂತುಬಿಡುತ್ತದೆ, ಸುರುಳಿಯಾದರೆ ಇನ್ನೂ ಹೆಚ್ಚು. ಎಸ್‌ಪಿಡಿ 1,500 ವೋಲ್ಟಿಗೆ ಹಿಡಿದಿಟ್ಟಿದ್ದರೂ ಬೋರ್ಡಿಗೆ ಬಿದ್ದದ್ದು 4,500ಕ್ಕೆ ಕಡಿಮೆ ಇರಲಾರದು. ಫೇಸ್ ಕಡೆಯ ತಂತಿ, ಅರ್ಥ್ ಪಟ್ಟಿಯವರೆಗಿನ ತಂತಿ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಪ್ಯಾನೆಲ್ ಒಳಗೇ ಕೂರಿಸಿ, ನೇರವಾಗಿ ಎಳೆಸಿ, ಅದಕ್ಕೆ ಲೈನ್ ಬರುವ ಕಡೆ ಸೂಕ್ತ ಫ್ಯೂಸ್ ಹಾಕಿಸಿ.

ಎರಡನೆಯ ತಪ್ಪು, ಕಂಬಿಗೆ ಒಂದು ಅರ್ಥ್ ಗುಂಡಿ, ಪ್ಯಾನೆಲ್‌ಗೆ ಇನ್ನೊಂದು ಗುಂಡಿ ಎಂದು ಬೇರೆ ಬೇರೆ ಬಿಡುವುದು. ಅರ್ಥ್ ಹತ್ತು ಓಮ್ ಇದ್ದು 5,000 ಆಂಪಿಯರ್ ಹರಿದರೆ ಆ ಗುಂಡಿ 50,000 ವೋಲ್ಟಿಗೆ ಏರುತ್ತದೆ. ಮೋಟಾರಿನ ಅರ್ಥ್ ಬೇರೆಯಿದ್ದರೆ ಆ ಅಂತರವೆಲ್ಲ ಬೀಳುವುದು ವೈಂಡಿಂಗಿನ ಮೇಲೆ. ಆದ್ದರಿಂದ ಕಂಬಿಯ ಅರ್ಥ್, ಪ್ಯಾನೆಲ್ ಬಾಡಿ, ಮೋಟಾರಿನ ಅರ್ಥ್ ತಂತಿ, ಕೊಳವೆಬಾವಿಯ ಕಬ್ಬಿಣದ ಕೇಸಿಂಗ್ ಪೈಪು ಎಲ್ಲವನ್ನೂ ದಪ್ಪ ಪಟ್ಟಿಯಿಂದ ಒಂದಕ್ಕೊಂದು ಬೆಸೆಯಿರಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದನ್ನೂ ಮರೆಯಬೇಡಿ.

ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ನ್ಯೂಟ್ರಲ್ ಕಡಿದು ಮನೆಯ ಟಿವಿ, ಬಲ್ಬು ಸುಡುವುದು ಬೇರೆ ರೋಗ. ಅಲ್ಲಿ ಎಸ್‌ಪಿಡಿಯೇ ಸುಟ್ಟುಹೋಗಬಹುದು. ವೋಲ್ಟೇಜ್ ಹೆಚ್ಚಾದರೆ ಲೈನ್ ಕಡಿಯುವ ರಿಲೇ ಬೇಕು.

ಇಷ್ಟು ಮಾಡಿದರೂ ನೇರ ಸಿಡಿಲಿಗೆ ಪೂರ್ತಿ ಭರವಸೆ ಇಲ್ಲ. ಮೋಡ ಕಟ್ಟುವಾಗಲೇ ಮೈನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತಿಡಿ. ಗುಡುಗು ಕೇಳಿದ ಮೇಲೆ ದಯವಿಟ್ಟು ಪಂಪ್‌ಮನೆಗೆ ಓಡಬೇಡಿ. ಸ್ಟಾರ್ಟರ್ ಹೋದರೆ ಹೋಗಲಿ.

ನಿಮ್ಮ ಕೇಸಿಂಗ್ ಕಬ್ಬಿಣದ್ದೋ ಪಿವಿಸಿಯೋ ತಿಳಿಸಿ. ಲೈನ್ ಇಲ್ಲದಾಗ, ಮೈನ್ ಇಳಿಸಿ, ಪ್ಯಾನೆಲ್ ಬಾಗಿಲು ತೆರೆದು ಒಂದು ಫೋಟೊ ಹಾಕಿ. ಪಟ್ಟಿ ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಗುರುತು ಮಾಡಿ ಕಳುಹಿಸುತ್ತೇನೆ.