ಪುಕ್ಕಟೆ ಪೇಪರು ಯಾಕೆ ನಿಂತುಹೋಯಿತು?

ಲಂಡನ್ನಿನಲ್ಲಿರುವ ನಮ್ಮ ಓದುಗರೊಬ್ಬರ ಪತ್ರದ ಸಾರ: ‘ಕೆಲಸ ಮುಗಿಸಿ ಟ್ಯೂಬ್ ರೈಲು (ಇಲ್ಲಿನ ಸುರಂಗ ರೈಲು) ಹತ್ತುವಾಗ ಪುಕ್ಕಟೆಯಾಗಿ ಸಿಗುತ್ತಿದ್ದ ಈವನಿಂಗ್ ಸ್ಟ್ಯಾಂಡರ್ಡ್ ಈಗ ದಿನಪತ್ರಿಕೆಯಾಗಿ ಉಳಿದಿಲ್ಲ. ಸುಮ್ನೆ ಕೊಟ್ಟರೂ ಜನ ಬೇಡ ಅಂತಾರೆ ಅಂದರೆ ಓದುವ ಅಭ್ಯಾಸವೇ ಹೋಯಿತು ಅಂತ ಅಲ್ವಾ? ನಮ್ಮ ಮೆಟ್ರೋದಲ್ಲಾದರೂ ಕನ್ನಡದ ಇಂಥ ಪೇಪರೊಂದನ್ನು ಹಂಚಬಾರದೇ?’

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಬೇಸರ ನನ್ನದೂ ಹೌದು. ಆದರೆ ಓದುವ ಅಭ್ಯಾಸ ಹೋಯಿತು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆ ರೈಲಿನಲ್ಲಿ ತಲೆ ತಗ್ಗಿಸಿ ಕೂತವರಲ್ಲಿ ಬಹಳ ಜನ ಈಗಲೂ ಏನೋ ಒಂದನ್ನು ಓದುತ್ತಲೇ ಇರುತ್ತಾರೆ. ಹೋಗಿದ್ದು ಬೇರೆ.

1995ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ‘ಮೆಟ್ರೋ’ ಎಂಬ ಪುಕ್ಕಟೆ ಪತ್ರಿಕೆ ಶುರುವಾದಾಗ ಅದರ ಲೆಕ್ಕ ಸರಳವಾಗಿತ್ತು. ಕೆಲಸಕ್ಕೆ ಹೊರಟವರಿಗೆ ರೈಲಿನಲ್ಲಿ ಹದಿನೈದಿಪ್ಪತ್ತು ನಿಮಿಷ ಮಾಡಲು ಏನೂ ಇರುವುದಿಲ್ಲ. ಆ ಹೊತ್ತನ್ನು ಜಾಹೀರಾತು ಕೊಡುವವರಿಗೆ ಮಾರಬಹುದು. ಓದುಗರಿಂದ ಕಾಸು ಬೇಡ, ಏಜೆಂಟರ ಕಮಿಷನ್ ಇಲ್ಲ, ಮನೆಮನೆಗೆ ಪೇಪರ್ ಹಾಕುವ ಹುಡುಗರೂ ಬೇಕಿಲ್ಲ. ನಿಲ್ದಾಣದಲ್ಲಿ ಒಂದು ಸ್ಟ್ಯಾಂಡ್ ಇಟ್ಟರೆ ಸಾಕು. ಚುಟುಕು ಸುದ್ದಿ, ಹವಾಮಾನ, ಪದಬಂಧ. ಒಬ್ಬರು ಸೀಟಿನ ಮೇಲೆ ಬಿಟ್ಟು ಇಳಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಈ ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನಾಲ್ಕೇ ವರ್ಷದಲ್ಲಿ ಲಂಡನ್ನಿಗೆ ಅದೇ ಹೆಸರಿನ, ಬೇರೆ ಮಾಲೀಕರ ‘ಮೆಟ್ರೋ’ ಬಂತು.

2006ರಲ್ಲಿ ಲಂಡನ್ನಿನ ಸಂಜೆಗಳನ್ನು ನೆನೆದುಕೊಳ್ಳಿ. ನೀವು ಆಗ ಅಲ್ಲಿರಲಿಲ್ಲವೇನೋ. ದಿ ಲಂಡನ್ ಪೇಪರ್, ಲಂಡನ್ ಲೈಟ್ ಎಂಬ ಎರಡು ಪುಕ್ಕಟೆ ಪತ್ರಿಕೆಗಳು ಒಂದರ ಹಿಂದೆ ಒಂದು ಹುಟ್ಟಿದವು. ಹಂಚುವವರು ನಿಲ್ದಾಣದ ಹೊರಗೆ ದಾರಿ ಕಟ್ಟಿ ನಿಂತು ಹೋಗೋರು ಬರೋರ ಕೈಗೆ ತುರುಕುತ್ತಿದ್ದರು. ಬೀದಿಯಲ್ಲಿ ಬಿದ್ದ ಪೇಪರಿನ ರಾಶಿ ನೋಡಿ ವೆಸ್ಟ್‌ಮಿನ್‌ಸ್ಟರ್‌ನ ನಗರಾಡಳಿತವೇ ತಕರಾರು ತೆಗೆಯಿತು. 2009ರಲ್ಲಿ ಎರಡೂ ಮುಚ್ಚಿದವು. ಆಗಿನ್ನೂ ಸುರಂಗದಲ್ಲಿ ಇಂಟರ್‌ನೆಟ್ ಇರಲಿಲ್ಲ ಎನ್ನುವುದನ್ನು ಗಮನಿಸಿ. ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದು ಸರಿಯಲ್ಲ. ಜಾಹೀರಾತು ಕೈಕೊಟ್ಟರೆ ಇಂಥ ಪತ್ರಿಕೆಗೆ ಬೇರೆ ಆಸರೆಯೇ ಇಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ, 50 ಪೆನ್ಸ್ ಬೆಲೆಯಿದ್ದ ಈವನಿಂಗ್ ಸ್ಟ್ಯಾಂಡರ್ಡ್ ಪುಕ್ಕಟೆಯಾಯಿತು. 1827ರಷ್ಟು ಹಳೆಯ ಪತ್ರಿಕೆ! ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ಪ್ರಸಾರ ಆರು ಲಕ್ಷಕ್ಕೆ ಏರಿತು. ಕೆಲವು ವರ್ಷ ಲಾಭವನ್ನೂ ಕಂಡಿತು. 2012ರಲ್ಲಿ ಟ್ಯೂಬ್ ನಿಲ್ದಾಣಗಳಿಗೆ ವೈಫೈ ಬಂತು, ಆಮೇಲೆ ಸುರಂಗದೊಳಕ್ಕೂ ಸಿಗ್ನಲ್ ಇಳಿಯಿತು. ಕೋವಿಡ್ ಮುಗಿದರೂ ಸೋಮವಾರ, ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರು ಜಾಸ್ತಿಯಾದರು. ಆರು ವರ್ಷದಲ್ಲಿ 8.45 ಕೋಟಿ ಪೌಂಡ್ ಕಳೆದುಕೊಂಡೆವು ಅಂತ 2024ರಲ್ಲಿ ಪತ್ರಿಕೆಯವರೇ ಹೇಳಿದರು. ಆ ಸೆಪ್ಟೆಂಬರಿನಲ್ಲಿ ದಿನಪತ್ರಿಕೆ ನಿಂತು ವಾರಪತ್ರಿಕೆಯಾಯಿತು.

ವಾಷಿಂಗ್ಟನ್ನಿನಲ್ಲೂ ಇದೇ ಕತೆ. ವಾಷಿಂಗ್ಟನ್ ಪೋಸ್ಟ್‌ನವರು ಹಂಚುತ್ತಿದ್ದ ಎಕ್ಸ್‌ಪ್ರೆಸ್ 2019ರಲ್ಲಿ ನಿಂತಾಗ ಕೊನೆಯ ಸಂಚಿಕೆಯ ಮುಖಪುಟದಲ್ಲಿ, ನಿಮ್ಮ ಹಾಳು ಫೋನುಗಳನ್ನೇ ಇಟ್ಕೊಂಡು ಖುಷಿಯಾಗಿರಿ ಎಂಬರ್ಥದ ತಲೆಬರಹ ಇತ್ತು. ಕೆಲಸ ಕಳೆದುಕೊಂಡವರ ಸಿಟ್ಟು ಅದು. ಆ ಸಿಟ್ಟಿನ ಪರವಾಗಿಯೇ ನಾನಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕು. ಈ ಪತ್ರಿಕೆಗಳಿಗೆ ಓದುವವರು ಲಕ್ಷಗಟ್ಟಲೆ ಇದ್ದರು, ‘ನನ್ನ ಪೇಪರು’ ಅನ್ನುವವರು ಕಡಿಮೆ. ಚಂದಾ ಕಟ್ಟಿದವರಾದರೆ ಒಂದು ದಿನ ಪೇಪರ್ ಬಾರದಿದ್ದರೂ ಫೋನ್ ಮಾಡಿ ಜಗಳ ಆಡುತ್ತಾರೆ. ಸ್ಟ್ಯಾಂಡ್ ಖಾಲಿಯಿದ್ದರೆ ಪ್ರಯಾಣಿಕರು ಮುಂದೆ ಹೋಗುತ್ತಾರೆ, ಅಷ್ಟೇ.

ಹಾಗಂತ ನಷ್ಟ ಸಣ್ಣದಲ್ಲ. ಕಾಸು ಕೊಟ್ಟು ಪೇಪರ್ ಕೊಳ್ಳದ ಕ್ಲೀನಿಂಗ್ ಕೆಲಸದವರ ಕೈಗೂ, ಬ್ಯಾಂಕಿನ ಸಾಹೇಬರ ಕೈಗೂ ಅದೇ ಪುಟ ಹೋಗುತ್ತಿತ್ತು. 2010ರಲ್ಲಿ ಸ್ಟ್ಯಾಂಡರ್ಡ್ ಲಂಡನ್ನಿನ ಬಡತನದ ಬಗ್ಗೆ ಸರಣಿ ಬರೆದು, ಅದರ ಬೆನ್ನಿಗೇ ನಿಧಿಯನ್ನೂ ಕೂಡಿಸಿತು. ತಾನಾಗಿ ಅದನ್ನು ಹುಡುಕಿಕೊಂಡು ಹೋಗದವರ ಕಣ್ಣಿಗೂ ಆ ಸುದ್ದಿ ಬಿತ್ತು. ಫೋನಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸುದ್ದಿ ಬರುತ್ತದೆ. ನನ್ನನ್ನು ಚುಚ್ಚುವುದು ಇದೇ.

ಇನ್ನು ನಮ್ಮ ಮೆಟ್ರೋ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಮೊದಲ ರೈಲು ಹೊರಡುವ ಹೊತ್ತಿಗೇ ಫೋನು ಜೇಬಿಗೆ ಬಂದಾಗಿತ್ತು. ಅದಕ್ಕೂ ಮೊದಲು, ನಮ್ಮಲ್ಲಿ ಪತ್ರಿಕೆ ಬೆಳಗಾಗುವಷ್ಟರಲ್ಲಿ ಮನೆ ಬಾಗಿಲಿಗೇ ಬರುತ್ತದೆ, ಬೆಲೆಯೂ ಕಡಿಮೆ, ತಿಂಗಳ ಕೊನೆಗೆ ರದ್ದಿಗೆ ಹಾಕಿದರೆ ಒಂದಿಷ್ಟು ದುಡ್ಡೂ ವಾಪಸ್. ಸಂಜೆಗೆ ಸಂಜೆವಾಣಿ, ಈ ಸಂಜೆ ಇದ್ದವು. ಅವನ್ನು ಜನ ಕಾಸು ಕೊಟ್ಟೇ ಓದಿದರು. ಹಾಗಾಗಿ ದಿನಾ ಪುಕ್ಕಟೆ ಹಂಚುವ ಕನ್ನಡ ಪೇಪರಿಗೆ ನಾನು ಸಲಹೆ ಕೊಡುವುದಿಲ್ಲ. ನಿಲ್ದಾಣದಲ್ಲಿ ಕನ್ನಡ ಪತ್ರಿಕೆ, ಪುಸ್ತಕ ಮಾರುವ ಒಂದು ಪುಟ್ಟ ಅಂಗಡಿಗೆ ಕಡಿಮೆ ಬಾಡಿಗೆಗೆ ಜಾಗ ಕೊಡಿ ಅಂತ ಕೇಳಿದರೆ ನನ್ನ ಸಹಿಯೂ ಇರಲಿ.

ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಸ್ಟ್ಯಾಂಡರ್ಡ್ ಈಗ ಗುರುವಾರ ಬರುತ್ತದಲ್ಲ, ನಿಮ್ಮ ನಿಲ್ದಾಣದಲ್ಲಿ ಅದನ್ನು ಯಾರು ಎತ್ತಿಕೊಳ್ಳುತ್ತಾರೆ, ರೈಲಿನಲ್ಲಿ ಬಿಡಿಸಿ ಓದುತ್ತಾರೋ ಮನೆಗೆ ಒಯ್ಯುತ್ತಾರೋ ನೋಡಿ ಬರೆದು ಕಳಿಸಿ. ಎರಡು ಪುಟ ಇದ್ದರೂ ಪರವಾಗಿಲ್ಲ, ಅಚ್ಚು ಹಾಕೋಣ.

— ಸಂಪಾದಕ